ಕಾಗದ ಒಣಗಿಸಿದ ದಿನಗಳು

ಜುಲೈ 26 ಬಂತೆಂದರೆ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ 2005ರ ಮುಂಬೈ ನೆರೆಯ ಅದೇ ಫೋಟೋಗಳು ಓಡಾಡುತ್ತವೆ. ಸೊಂಟದ ತನಕ ನೀರಿನಲ್ಲಿ ಕೈ ಕೈ ಹಿಡಿದು ನಡೆಯುವ ಜನ. ಮುಳುಗಿದ ಡಬಲ್ ಡೆಕರ್ ಬಸ್ಸು. ಕೆಳಗೆ ‘ಮುಂಬೈ ಸ್ಪಿರಿಟ್‌ಗೆ ಸಲಾಂ’ ಅಂತ ಬರಹ. ನನಗೆ ಗೊತ್ತಿರುವ ಮಟ್ಟಿಗೆ ಅದನ್ನು ಹಾಕುವವರಲ್ಲಿ ಹೆಚ್ಚಿನವರು ಆ ದಿನ ಎರಡನೇ ಮಹಡಿಯ ಮೇಲಿದ್ದವರು. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಸ್ವಲ್ಪ ಹೊಟ್ಟೆಕಿಚ್ಚೂ ಇದೆ ಅನ್ನಿ.

ನಾವು ನೆಲಮಹಡಿಯವರು. 2005ರಲ್ಲಿ ನಮ್ಮ ಮನೆ ಕಲೀನಾದಲ್ಲಿತ್ತು. ಸಿಎಸ್‌ಟಿ ರೋಡಿನಿಂದ ಒಳಗೆ ಹೋದರೆ ವಠಾರದಂಥ ಒಂದು ಹಳೇ ಚಾಳು, ಅದರಲ್ಲಿ ಒಂದು ರೂಮು, ಒಂದು ಅಡುಗೆಮನೆ, ಮೂಲೆಯಲ್ಲಿ ಪಾತ್ರೆ ತೊಳೆಯುವ ಮೋರಿ. ನಾನು, ಇವರು, ಎರಡನೇ ಕ್ಲಾಸಿನ ಮಗ, ಮಾವ. ಇವರು ಫೋರ್ಟ್ ಕಡೆ ಒಂದು ಹೋಟೆಲಿನಲ್ಲಿ ಕ್ಯಾಷಿಯರ್. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ವಾಪಸ್ ಬರುವುದು ರಾತ್ರಿ. ಚಾಳಿನ ಹಿಂದೆ ಸ್ವಲ್ಪ ದೂರದಲ್ಲಿ ಒಂದು ಕಪ್ಪು ನೀರಿನ ನಾಲಾ. ಗಾಳಿ ಆ ಕಡೆಯಿಂದ ಬೀಸಿದರೆ ಕಿಟಕಿ ಹಾಕುತ್ತಿದ್ದೆವು. ಅದಕ್ಕೂ ನಮಗೂ ಇದ್ದ ಸಂಬಂಧ ಅಷ್ಟೇ.

ನೆರೆ ನನಗೆ ಹೊಸತಲ್ಲ. ನನ್ನ ತವರು ಬಾರ್ಕೂರಿನ ಹತ್ತಿರ, ಸೀತಾ ನದಿಯ ಬದಿ. ಆಟಿ ತಿಂಗಳಲ್ಲಿ ಹೊಳೆ ತುಂಬಿ ಗದ್ದೆಗೆ ಬರುತ್ತದೆ, ಒಂದೊಂದು ವರ್ಷ ಅಂಗಳದ ತನಕವೂ ಬರುತ್ತದೆ. ಆದರೆ ಅದು ಹೇಳಿಕೇಳಿ ಬರುವ ನೀರು. ಮೊದಲು ಗದ್ದೆಯ ಹುಣಿ ಮುಳುಗುತ್ತದೆ, ಆಮೇಲೆ ತೋಟದ ಬುಡ. ಅಜ್ಜ ಕೋಲು ನೆಟ್ಟು ನೋಡಿಕೊಂಡು, ದನ ಬಿಡಬೇಕೋ ಬೇಡವೋ ಅಂತ ಹೇಳುತ್ತಿದ್ದರು. ಕೆಂಪು ನೀರು. ಇಳಿದ ಮೇಲೆ ಗದ್ದೆಗೆ ಒಳ್ಳೆಯ ಮಣ್ಣು ಬಿಟ್ಟು ಹೋಗುತ್ತಿತ್ತು. ನೆರೆ ಅಂದರೆ ಇಷ್ಟೇ ಅಂತ ನಾನು ತಿಳಿದಿದ್ದೆ.

ಕಲೀನಾದಲ್ಲಿ ನೀರು ಬಾಗಿಲಿನಿಂದ ಬರಲಿಲ್ಲ. ಮೋರಿಯ ತೂತಿನಿಂದ ಬಂತು.

ಮಂಗಳವಾರ ಅದು. ಬೆಳಿಗ್ಗೆ ಯಾವಾಗಿನಂಥ ಮಳೆ. ಮಗ ಮಧ್ಯಾಹ್ನದೊಳಗೆ ಸ್ಕೂಲಿನಿಂದ ಬಂದಿದ್ದ, ಅದೊಂದು ಪುಣ್ಯ. ಊಟ ಆಗಿ ಪಾತ್ರೆ ತೊಳೆಯಲು ಕೂತಿದ್ದೆ. ಎರಡು ಗಂಟೆ ಕಳೆದಿರಬೇಕು. ಮಳೆಯ ಶಬ್ದ ಎಷ್ಟು ಜೋರಾಯಿತೆಂದರೆ ಟಿವಿ ಕೇಳಿಸುತ್ತಿರಲಿಲ್ಲ. ತೊಳೆದ ನೀರು ಕೆಳಗೆ ಹೋಗುವ ಬದಲು ಗುಳುಗುಳು ಅಂತ ಮೇಲೆ ಬರತೊಡಗಿತು. ಮೊದಲು ಜಿರಲೆಗಳು ಹೊರಗೆ ಬಂದವು, ಒಂದರ ಹಿಂದೆ ಒಂದು, ಗೋಡೆ ಹತ್ತಿಕೊಂಡು. ಆಮೇಲೆ ಕಪ್ಪು ನೀರು. ಗೋಣಿ ತುರುಕಿದೆ, ಅದರ ಮೇಲೆ ಒರಳುಕಲ್ಲು ಇಟ್ಟೆ. ಕಲ್ಲಿನ ಸುತ್ತಲಿಂದ ಬಂತು. ಅಷ್ಟರಲ್ಲಿ ಬಾಗಿಲ ಕಡೆಯಿಂದಲೂ ಶುರುವಾಯಿತು. ಕರೆಂಟೂ ಹೋಯಿತು.

ಮೊಣಕಾಲಿಗೆ ಬಂದಾಗ ಮಗನನ್ನು ಮೇಲಿನ ಮನೆಗೆ ಕಳಿಸಿದೆ. ಮೇಲಿನವರ ಜೊತೆ ನಮಗೆ ಮಾತಿರಲಿಲ್ಲ. ನಳದ ನೀರಿನ ವಿಷಯಕ್ಕೆ ಜಗಳವಾಗಿ ಎರಡೂ ಮನೆಯವರು ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದೆವು. ಆ ಮನೆಯ ಹೆಂಗಸು, ನಾವು ಬಾಯಿ ಅನ್ನುತ್ತಿದ್ದೆವು, ಏನೂ ಕೇಳದೆ ಹುಡುಗನನ್ನು ಒಳಗೆ ಎಳೆದುಕೊಂಡರು. ಮಾವ ಮಾತ್ರ ಬರಲು ತಯಾರಿಲ್ಲ. ಅವರಿಗೆ ಮಂಚದ ಕೆಳಗಿದ್ದ ತಗಡಿನ ಟ್ರಂಕಿನದೇ ಚಿಂತೆ. ಟ್ರಂಕನ್ನು ಮಂಚದ ಮೇಲಿಟ್ಟೆವು. ನೀರು ಮಂಚಕ್ಕೆ ಬಂತು. ಮಂಚದ ಮೇಲೆ ಕುರ್ಚಿ, ಅದರ ಮೇಲೆ ಟ್ರಂಕು. ಕಪಾಟಿನಷ್ಟು ಎತ್ತರದಲ್ಲಿದೆ, ಇನ್ನು ಭಯವಿಲ್ಲ ಅಂತ ನಾನೇ ಅವರಿಗೆ ಸಮಾಧಾನ ಹೇಳಿ, ರಟ್ಟೆ ಹಿಡಿದು ಮೆಟ್ಟಿಲ ತನಕ ಕರೆದುಕೊಂಡು ಹೋದೆ. ಎದೆಮಟ್ಟದ ನೀರು. ಕಾಲಿಗೆ ಏನೇನೋ ತಾಗುತ್ತಿತ್ತು. ಏನು ಅಂತ ಯೋಚಿಸಲು ಹೋಗಲಿಲ್ಲ.

ಮೊಬೈಲ್ ಸತ್ತಿತ್ತು. ಮೇಲಿನವರ ಲ್ಯಾಂಡ್‌ಲೈನ್ ಇನ್ನೂ ಜೀವ ಹಿಡಿದಿತ್ತು. ಇವರ ಹೋಟೆಲಿಗೆ ಫೋನ್ ಮಾಡಿದೆ. “ಮನೆ ಮುಳುಗಿದೆ” ಅಂದೆ. ಇವರು “ಯಾಕೆ, ನಳ ಬಂದ್ ಮಾಡಲು ಮರೆತೆಯಾ?” ಅಂತ ಕೇಳಿದರು. “ಇಲ್ಲಿ ಮಳೆಯೇ ಸರಿಯಾಗಿ ಇಲ್ಲ ಮಾರಾಯ್ತಿ. ಗಿರಾಕಿಗಳು ಕೂತಿದ್ದಾರೆ, ಆಮೇಲೆ ಮಾತಾಡುತ್ತೇನೆ.” ಆ ಮಾತಿಗೆ ನಾನು ಎಷ್ಟೋ ವರ್ಷ ಇವರನ್ನು ಕಾಡಿದ್ದೇನೆ. ಆದರೆ ಇವರು ಸುಳ್ಳು ಹೇಳಿರಲಿಲ್ಲ. ಆಮೇಲೆ ಪೇಪರಿನಲ್ಲಿ ಲೆಕ್ಕ ಬಂತು. 24 ಗಂಟೆಯಲ್ಲಿ ನಮ್ಮ ಪಕ್ಕದ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್, ಇವರ ಫೋರ್ಟ್ ಬದಿಯ ಕೊಲಾಬಾದಲ್ಲಿ 73. ಒಂದೇ ಊರು, ಒಂದೇ ದಿನ. ಅಲ್ಲಿ ಕೊಡೆ ಬಿಚ್ಚಿದರೆ ಸಾಕಿತ್ತು, ಇಲ್ಲಿ ಬಸ್ಸು ಮುಳುಗಿತ್ತು. ದಕ್ಷಿಣ ಮುಂಬೈಯಲ್ಲಿ ಕೂತವರಿಗೆ ಸಂಜೆಯ ತನಕ ಏನೂ ಅರ್ಥವಾಗಲಿಲ್ಲ ಅಂದರೆ ಆಶ್ಚರ್ಯವಿಲ್ಲ. ದೊಡ್ಡ ದೊಡ್ಡ ಸಾಹೇಬರುಗಳೂ ಅಲ್ಲೇ ಕೂರುವುದು ಅಲ್ವಾ?

ರಾತ್ರಿ ಮೇಲಿನ ರೂಮಿನಲ್ಲಿ ಕೆಳಗಿನ ಮನೆಗಳವರೆಲ್ಲ ಸೇರಿದ್ದೆವು. ಬಾಯಿ ಸ್ಟವ್ ಹಚ್ಚಿ ಕಡಲೆಹಿಟ್ಟಿನ ಪಿಠಲಾ ಮಾಡಿ ಮಕ್ಕಳಿಗೆ ಕೊಟ್ಟರು. ಮಲಗಲು ಜಾಗವಿಲ್ಲ, ಕೂತೇ ಇದ್ದೆವು. ಕತ್ತಲೆಯಲ್ಲಿ ಕೆಳಗಿನಿಂದ ಟಣ್, ಟಣ್ ಅಂತ ಶಬ್ದ. ಏನೆಂದು ಟಾರ್ಚ್ ಬಿಟ್ಟು ನೋಡಿದರೆ ಗ್ಯಾಸ್ ಸಿಲಿಂಡರುಗಳು. ಅರ್ಧ ಖಾಲಿಯಾದ ಸಿಲಿಂಡರ್ ತೇಲುತ್ತದೆ ಅಂತ ನನಗೆ ಆ ರಾತ್ರಿಯೇ ಗೊತ್ತಾದದ್ದು. ಓಣಿಯ ಎಲ್ಲ ಮನೆಗಳ ಸಿಲಿಂಡರುಗಳೂ ಹೊರಗೆ ಬಂದು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತಿದ್ದವು. ನೀರಿನ ಮೇಲೆ ಎಣ್ಣೆ, ಸೀಮೆಎಣ್ಣೆ ವಾಸನೆ. ಯಾರೂ ಬೆಂಕಿಕಡ್ಡಿ ಗೀರಬೇಡಿ ಅಂತ ಗಂಡಸರು ಮನೆ ಮನೆಗೆ ಕೂಗಿ ಹೇಳುತ್ತಿದ್ದರು. ಮಾವ ಪ್ರತಿ ಸಲ ಶಬ್ದವಾದಾಗಲೂ “ಟ್ರಂಕು ಬಿತ್ತು” ಅನ್ನುತ್ತಿದ್ದರು.

ಇವರು ಮರುದಿನ ಮಧ್ಯಾಹ್ನ ಬಂದರು. ಲೋಕಲ್ ಇಲ್ಲ, ಬಸ್ ಇಲ್ಲ. ಫೋರ್ಟ್‌ನಿಂದ ದಾದರ್, ಮಾಹಿಮ್, ಬಾಂದ್ರಾ, ಕಲಾನಗರ ಅಂತ ನಡೆದೇ ಬಂದದ್ದು. ದಾರಿಯಲ್ಲಿ ಒಂದು ಕಡೆ ಹಗ್ಗ ಹಿಡಿದು ದಾಟಿಸಿದರಂತೆ. ಬಾಗಿಲು ತೆಗೆಯಲಾಗದೆ ಕಾರಿನೊಳಗೇ ಸತ್ತವರ ಸುದ್ದಿ ದಾರಿಯಲ್ಲೇ ಕೇಳಿದ್ದರು. ಅದನ್ನು ನಮಗೆ ಹೇಳಿದ್ದು ಮಾತ್ರ ಎಷ್ಟೋ ದಿನ ಕಳೆದ ಮೇಲೆ. ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡಿದ್ದರು. ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಚೀಲ, ಅದರೊಳಗೆ ಮತ್ತೊಂದು. ಎರಡೂ ಕೈ ತಲೆಯ ಮೇಲೆ ಎತ್ತಿ ಹಿಡಿದುಕೊಂಡು ಬಂದ ಕಾರಣ ಇಡ್ಲಿ ಒಣಗಿಯೇ ಇತ್ತು. ಆಮೇಲೆ ಸರ್ಕಾರ, ಚರಂಡಿ ಕಟ್ಟಿಕೊಂಡದ್ದಕ್ಕೆ ಈ ಚೀಲಗಳೇ ಕಾರಣ ಅಂತ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧ ಹಾಕಿತು. ಇರಬಹುದು. ಆದರೆ ನದಿಯ ಬಾಯಿ ಕಟ್ಟಿದ್ದು ಬರೀ ಚೀಲವಲ್ಲ.

ಹೌದು, ನದಿ. ನಾವು ನಾಲಾ ಅನ್ನುತ್ತಿದ್ದದ್ದು ಮಿಠಿ ನದಿ. ವಿಹಾರ್ ಮತ್ತು ಪವಾಯಿ ಕೆರೆಗಳು ತುಂಬಿದ ನೀರು ಹೊತ್ತು, ಸಾಕಿನಾಕಾ, ಕುರ್ಲಾ, ಕಲೀನಾ, ಧಾರಾವಿ ಬದಿಯಿಂದ ಹರಿದು ಮಾಹಿಮ್ ಕೊಲ್ಲಿಗೆ ಸೇರುತ್ತದೆ. ಉದ್ದ ಸುಮಾರು 18 ಕಿಲೋಮೀಟರ್. ವಿಮಾನ ನಿಲ್ದಾಣಕ್ಕಾಗಿ ಅದನ್ನು ಮೊಣಕೈ ಮಡಚಿದ ಹಾಗೆ ತಿರುಗಿಸಿ, ರನ್‌ವೇ ಅಡಿಯಿಂದ ಸಾಗಿಸಿದ್ದಾರೆ. ಕೆಳಗೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಕಟ್ಟಲು ಉಪ್ಪುನೀರಿನ ಕಾಂಡ್ಲಾ ಕಾಡಿಗೆ, ಜೌಗಿಗೆ ಮಣ್ಣು ತುಂಬಿದ್ದಾರೆ. ಎರಡೂ ಬದಿಯಲ್ಲಿ ಗುಜರಿ ಅಂಗಡಿ, ಗೋಡೌನು, ಝೋಪಡಿ. ಊರಿನ ಹಳೇ ಚರಂಡಿಗಳಿಗೆ ಗಂಟೆಗೆ 25 ಮಿಲಿಮೀಟರ್ ಮಳೆಯಷ್ಟೇ ತಾಳುವ ಶಕ್ತಿ, ಅದೂ ಸಮುದ್ರ ಇಳಿದಿದ್ದಾಗ. ಆ ಮಧ್ಯಾಹ್ನ ಸಮುದ್ರ ಉಬ್ಬರದಲ್ಲಿತ್ತು, ಸುಮಾರು ನಾಲ್ಕೂವರೆ ಮೀಟರ್. ಮೇಲಿನಿಂದ ಕೆರೆ, ಕೆಳಗಿನಿಂದ ಕಡಲು. ನಡುವೆ ಇದ್ದದ್ದು ನಮ್ಮ ಮೋರಿ. ಚರಂಡಿಯ ಶಕ್ತಿ ಹೆಚ್ಚಿಸಬೇಕು ಅಂತ 1993ರಲ್ಲೇ ವರದಿ ಕೊಟ್ಟಿದ್ದರು, ಬ್ರಿಮ್‌ಸ್ಟೋವ್ಯಾಡ್ ಅಂತ ಅದರ ಹೆಸರು. ಹನ್ನೆರಡು ವರ್ಷ ಅದು ಎಲ್ಲಿ ಕೂತಿತ್ತೋ. ನೆರೆಯ ನಂತರ ಕಾರಣ ಹುಡುಕಲು ಮಾಧವ ಚಿತಳೆ ಸಮಿತಿ ಬಂತು, ಮಿಠಿಗೆ ಒಂದು ಪ್ರಾಧಿಕಾರ ಬಂತು. ನಮ್ಮ ನಾಲಾಕ್ಕೆ ಹೆಸರಿನ ಬೋರ್ಡೂ ಬಂತು.

ಆ ಮಳೆಗೆ ಮಹಾರಾಷ್ಟ್ರದಲ್ಲಿ 1,000ಕ್ಕೂ ಹೆಚ್ಚು ಜನ ಹೋದರು. ಸಾಕಿನಾಕಾದಲ್ಲಿ ಗುಡ್ಡ ಕುಸಿದು ಎಷ್ಟೋ ಮನೆಗಳು ಮಣ್ಣಿನಡಿ ಆದವು. ಮಹಾಡ್ ಕಡೆಯೂ ಗುಡ್ಡ ಜರಿದು ಗೋವಾ ರಸ್ತೆ ಬಂದ್. ಊರಿನಿಂದ ಹೊರಟ ನನ್ನ ಅಣ್ಣ ಅರ್ಧ ದಾರಿಯಿಂದ ವಾಪಸ್ ಹೋದ. ಅಮ್ಮನಿಗೆ ನಾವು ಬದುಕಿದ್ದೇವೆ ಅಂತ ಗೊತ್ತಾದದ್ದು ಬಹಳ ತಡವಾಗಿ. ಇದನ್ನೆಲ್ಲ ನೆನೆಸಿದರೆ ನಮಗೆ ಆದದ್ದು ಏನೂ ಅಲ್ಲ. ಆದರೂ ನನಗೆ ಹೇಳಲು ಇರುವುದು ನಮಗೆ ಆದದ್ದೇ.

ನೀರು ಇಳಿದ ಮೇಲೆ ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಫ್ರಿಜ್ ಮಲಗಿ ಅಡ್ಡ ಸಿಕ್ಕಿಕೊಂಡಿತ್ತು. ಫ್ರಿಜ್ಜೂ ತೇಲುತ್ತದೆ, ನೀರು ಇಳಿಯುವಾಗ ಎಲ್ಲಿ ಮನಸ್ಸು ಬಂತೋ ಅಲ್ಲಿ ಮಲಗುತ್ತದೆ. ಒಳಗೆ ಪಾದ ಮುಳುಗುವಷ್ಟು ಕೆಸರು. ಕಪ್ಪು, ಜಿಡ್ಡು, ಬೆರಳಿನಿಂದ ಬಿಡದ ಕೆಸರು. ಗೋಡೆಯ ಮೇಲೆ ಟ್ಯೂಬ್‌ಲೈಟಿನ ಸ್ವಲ್ಪ ಕೆಳಗೆ ಒಂದು ಗೆರೆ, ಸ್ಕೇಲ್ ಇಟ್ಟು ಎಳೆದಷ್ಟು ಸರಿಯಾಗಿ. ಊರಿನಿಂದ ತಂದ ಕುಚ್ಚಲಕ್ಕಿಯ ಮೂಟೆ ಉಬ್ಬಿ ಹೊಲಿಗೆ ಬಿರಿದಿತ್ತು. ಹುಳಿ ವಾಸನೆ. ಹತ್ತಿಯ ಹಾಸಿಗೆ ಎಷ್ಟು ನೀರು ಕುಡಿದಿತ್ತೆಂದರೆ ನಾಲ್ಕು ಗಂಡಸರು ಎಳೆದು ಹೊರಗೆ ಹಾಕಿದರು. ಓಣಿಯ ಬಾಯಿಯಲ್ಲಿ ಹಾಸಿಗೆಗಳ ಗುಡ್ಡವೇ ಆಯಿತು. ತೊಳೆಯೋಣ ಅಂದರೆ ನೀರಿಲ್ಲ! ಅಷ್ಟೊಂದು ನೀರು ಬಂದು ಹೋದ ಮನೆಯಲ್ಲಿ ಒಂದು ಕೊಡ ನೀರಿಗೆ ಟ್ಯಾಂಕರ್ ಹಿಂದೆ ಓಡಬೇಕಾಯಿತು. ಕುರ್ಲಾ ಕಡೆಯ ತಬೇಲಾಗಳಲ್ಲಿ ಸತ್ತ ಎಮ್ಮೆಗಳು ದಿನಗಟ್ಟಲೆ ಬಿದ್ದಿದ್ದವು. ಆ ವಾಸನೆಯ ಬಗ್ಗೆ ಬರೆಯುವುದಿಲ್ಲ.

ಸಂಜೆ ಹೊತ್ತು ಇನ್ನೊಂದು ಗಾಳಿಸುದ್ದಿ. ವಿಹಾರ್ ಕೆರೆ ಒಡೆಯಿತು, ಓಡಿ ಅಂತ. ನಮ್ಮ ಚಾಳಿನವರೂ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದ್ದರು. ಜುಹು ಕಡೆ ನೆಹರೂ ನಗರದಲ್ಲಿ ಇಂಥದೇ ಸುದ್ದಿಗೆ ಕಾಲ್ತುಳಿತವಾಗಿ ಜನ ಸತ್ತರು. ಆಮೇಲೆ ಜ್ವರ ಶುರುವಾಯಿತು. ಇಲಿಜ್ವರ ಅಂತ ಮನೆಮನೆಗೆ ಮಾತ್ರೆ ಹಂಚಿದರು. ಮಾವನಿಗೂ ಜ್ವರ ಬಂತು, ಆಸ್ಪತ್ರೆಯ ಕಾರಿಡಾರಿನಲ್ಲಿ ಚಾಪೆಯ ಮೇಲೆ ಮಲಗಿ ಗುಣವಾಗಿ ಬಂದರು.

ಟ್ರಂಕಿಗೆ ಬರುತ್ತೇನೆ. ಅದು ಬಿದ್ದಿರಲಿಲ್ಲ. ಕುರ್ಚಿ ಸಮೇತ ಮಂಚದ ಮೇಲೇ ಇತ್ತು. ನೀರು ಅದರ ಮೇಲಿನಿಂದ ಹೋಗಿತ್ತು, ಅಷ್ಟೇ. ಬೀಗ ತೆಗೆದಾಗ ಒಳಗೆ ಕೊಳೆನೀರು ಇನ್ನೂ ನಿಂತಿತ್ತು. ರೂಮಿನ ಪಗಡಿ (ಮುಂಗಡ ಕೊಟ್ಟು ಹಿಡಿದ ಹಳೇ ಬಾಡಿಗೆ) ರಸೀದಿಗಳು, ರೇಷನ್ ಕಾರ್ಡು, ಮಗನ ಜನನ ಪತ್ರ, ವಿಮಾ ಪಾಲಿಸಿ, ನಮ್ಮ ಮದುವೆಯ ಆಲ್ಬಮ್, ಎರಡು ಜಾತಕ, ಮಾವನಿಗೆ ಅವರ ಅಣ್ಣ ಊರಿನಿಂದ ಬರೆದ ಕಾಗದಗಳು, ಇವರ ಎಸ್ಸೆಸ್ಸಿ ಮಾರ್ಕ್‌ಶೀಟು. ಎಲ್ಲ ಒಂದೇ ಮುದ್ದೆ.

ಒದ್ದೆ ಕಾಗದ ಬಿಡಿಸುವುದು ನೀರುದೋಸೆ ಕಾವಲಿಯಿಂದ ಎಬ್ಬಿಸಿದಷ್ಟೇ ನಾಜೂಕು. ಅವಸರ ಮಾಡಿದರೆ ಹರಿಯಿತು. ಮೇಲಿನ ಬಾಯಿ ತಮ್ಮ ಬಾಲ್ಕನಿಯ ಬಟ್ಟೆ ಹಗ್ಗ ಬಿಟ್ಟುಕೊಟ್ಟರು. ಕ್ಲಿಪ್ ಹಾಕಿ ರಸೀದಿಗಳನ್ನು ನೇತುಹಾಕಿದೆ. ದಪ್ಪ ಕಾಗದಗಳ ನಡುವೆ ಹಳೇ ಪೇಪರ್ ಇಟ್ಟು, ಮಣೆಯಿಂದ ಒತ್ತಿ, ಮೇಲೆ ಸ್ವಲ್ಪ ಟಾಲ್ಕಂ ಪೌಡರ್. ಹೊರಗೆ ಶ್ರಾವಣದ ಮಳೆ, ಎಲ್ಲಿಯ ಬಿಸಿಲು? ಕರೆಂಟ್ ಬಂದ ಮೇಲೆ ಫ್ಯಾನಿನ ಕೆಳಗೆ ಹರಡಿ ರಾತ್ರಿಯಿಡೀ ಕಾಯುತ್ತಿದ್ದೆ. ಬಾಲ್ ಪೆನ್ನಿನಲ್ಲಿ ಬರೆದದ್ದು ಉಳಿಯಿತು, ಶಾಯಿ ಪೆನ್ನಿನದು ಹೋಯಿತು. ಮಾವನ ಅಣ್ಣ ಶಾಯಿಯಲ್ಲಿ ಬರೆಯುವವರು. ನೀಲಿ ಕಲೆಯಾದ ಹಾಳೆಗಳನ್ನು ಮಾವ ಹಾಗೆಯೇ ಮಡಚಿ ಇಟ್ಟುಕೊಂಡರು. ಆಲ್ಬಮ್ಮಿನ ಫೋಟೋಗಳಲ್ಲಿ ಬಣ್ಣ ಕಾಗದದಿಂದ ಜಾರಿ ಇನ್ನೊಂದು ಫೋಟೋಕ್ಕೆ ಅಂಟಿತ್ತು. ಧಾರೆಯ ಫೋಟೋದಲ್ಲಿ ನನ್ನ ಸೀರೆ ಇದೆ, ನಾನಿಲ್ಲ.

ರೇಷನ್ ಕಾರ್ಡಿನ ಕತೆಯೇ ಬೇರೆ. ಅದಕ್ಕೆ ಒತ್ತಿದ್ದು ನಮ್ಮ ಮನೆಗೆ ಬರುತ್ತಿದ್ದ ಕನ್ನಡ ಪೇಪರು. ಒಣಗಿದ ಮೇಲೆ ನೋಡುತ್ತೇನೆ, ಮರಾಠಿ ಕಾರ್ಡಿನ ಮೇಲೆ ಕನ್ನಡದ ಹೆಡ್‌ಲೈನ್ ಉಲ್ಟಾ ಅಚ್ಚಾಗಿದೆ. ಪರಿಹಾರಕ್ಕೆ ಪಂಚನಾಮೆ ಆಗಬೇಕು. ಪಂಚನಾಮೆಗೆ ರೇಷನ್ ಕಾರ್ಡ್ ಬೇಕು. ಕಾರ್ಡ್ ನೋಡಿದ ಕ್ಲರ್ಕ್ ಅದನ್ನು ಆ ಕಡೆ ಈ ಕಡೆ ತಿರುಗಿಸಿ, “ಇದು ಯಾವ ರಾಜ್ಯದ್ದು?” ಅಂತ ಕೇಳಿದ. ಹೊಸ ಕಾರ್ಡ್ ಮಾಡಿಸಿಕೊಂಡು ಬನ್ನಿ ಅಂದ. ಹೊಸ ಕಾರ್ಡಿಗೆ ಆ ವಿಳಾಸದಲ್ಲಿ ಇದ್ದೀರಿ ಅನ್ನುವುದಕ್ಕೆ ದಾಖಲೆ ಬೇಕು. ದಾಖಲೆ ಅಂದರೆ ಪಗಡಿ ರಸೀದಿ, ಅದರ ಸೀಲು ನೀರಿನಲ್ಲಿ ಕರಗಿದೆ. ಸೀಲಿಲ್ಲದ ರಸೀದಿ ನಡೆಯುವುದಿಲ್ಲ. ಫ್ರಿಜ್ಜಿನ ಬಿಲ್ ಇದೆಯಾ ಅಂತಲೂ ಕೇಳಿದರು. ಕೆಸರು ಮೆತ್ತಿದ ಫ್ರಿಜ್ಜು ಅವರ ಮುಂದೆಯೇ ಓಣಿಯಲ್ಲಿ ಬಿದ್ದಿತ್ತು. ಕೊನೆಗೆ ಕೆಲಸ ಮಾಡಿಕೊಟ್ಟವನು ಅದೇ ಕಚೇರಿಯ ಪ್ಯೂನ್. ಅವನ ಮನೆಯೂ ಬೈಲ್ ಬಜಾರಿನಲ್ಲಿ ಮುಳುಗಿತ್ತು. ಯಾವ ಕಾಗದದ ಮೇಲೆ ಯಾವ ಕಾಗದ ಇಟ್ಟರೆ ಸಾಹೇಬರು ಕೆಳಗಿನದನ್ನು ನೋಡದೆ ಸಹಿ ಹಾಕುತ್ತಾರೆ ಅಂತ ಅವನಿಗೆ ಗೊತ್ತಿತ್ತು. ಸ್ಪಿರಿಟ್ ಅಂತ ಯಾರಾದರೂ ಹೇಳಿದರೆ ನನಗೆ ನೆನಪಾಗುವುದು ಆ ಮನುಷ್ಯ.

ನಳದ ಜಗಳ? ದೀಪಾವಳಿ ಕಳೆಯುವುದರೊಳಗೆ ಮತ್ತೆ ಶುರುವಾಯಿತು. ಬಾಯಿ ಬೈಯುವಾಗ ಮಾತ್ರ ಮೊದಲಿಗಿಂತ ಸ್ವಲ್ಪ ಮೆತ್ತಗೆ ಬೈಯುತ್ತಿದ್ದರು.

ಕೆಲವು ವರ್ಷಗಳ ನಂತರ ನಾವು ಡೊಂಬಿವಲಿಗೆ ಬಂದೆವು. ಮೂರನೇ ಮಹಡಿ. ನೋಡಲು ಬಂದ ದಿನ ಏಜೆಂಟ್ ಗಾಳಿ ಬೆಳಕಿನ ಬಗ್ಗೆ ಹೇಳುತ್ತಿದ್ದ. ನಾನು ಹತ್ತಿರದ ನಾಲಾ ಎಷ್ಟು ದೂರ ಅಂತ ಕೇಳಿದೆ. 2025ರ ಆಗಸ್ಟ್‌ನಲ್ಲಿ ಮಿಠಿ ಮತ್ತೆ ಏರಿ ಕುರ್ಲಾದ ಕ್ರಾಂತಿನಗರದವರನ್ನು ಎಬ್ಬಿಸಿ ಸಾಗಿಸಿದಾಗ ಟಿವಿಯಲ್ಲಿ ಒಬ್ಬ ಹೆಂಗಸು ತಲೆಯ ಮೇಲೆ ಸೂಟ್‌ಕೇಸ್ ಇಟ್ಟುಕೊಂಡು ಹೋಗುತ್ತಿದ್ದಳು. ಒಳಗೆ ಏನಿದೆ ಅಂತ ವರದಿಗಾರ ಕೇಳಲಿಲ್ಲ. ಕೇಳುವ ಅಗತ್ಯ ನನಗಂತೂ ಇರಲಿಲ್ಲ.

ಇವರ ಮಾರ್ಕ್‌ಶೀಟಿನ ವಿಷಯ ಬಾಕಿ ಉಳಿಯಿತು. ಇವರು ಮುಂಬೈಗೆ ಬಂದದ್ದು ಹುಡುಗನಾಗಿದ್ದಾಗ, ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸಕ್ಕೆ. ಹಗಲು ಕೆಲಸ, ಸಂಜೆ ಫೋರ್ಟಿನ ಕನ್ನಡ ರಾತ್ರಿಶಾಲೆ. ನಮ್ಮ ಕಡೆಯ ಎಷ್ಟೋ ಹುಡುಗರು ಹಾಗೇ ಓದಿದವರು. ಬೆಂಚಿನ ಮೇಲೆ ನಿದ್ದೆ ತೂಗುತ್ತ ಪಾಸಾದ ಪರೀಕ್ಷೆ ಅದು. ಕೆಲಸಕ್ಕೆ ಆ ಕಾಗದವನ್ನು ಯಾರೂ ಯಾವತ್ತೂ ಕೇಳಿರಲಿಲ್ಲ, ಇನ್ನು ಕೇಳುವವರೂ ಇಲ್ಲ. ಆದರೂ ಡೂಪ್ಲಿಕೇಟಿಗೆ ಓಡಾಡಿದರು. ಶಾಲೆಯ ಪತ್ರ ತನ್ನಿ ಅಂದರು. ಅಷ್ಟರಲ್ಲಿ ಶಾಲೆ ಮುಚ್ಚಿತ್ತು. ಹಳೇ ಮಾಸ್ತರರೊಬ್ಬರನ್ನು ಹುಡುಕಿ, ರಿಜಿಸ್ಟರ್ ಯಾರ ಕಪಾಟಿನಲ್ಲಿದೆ ಅಂತ ವಿಚಾರಿಸಿ, ಪೊಲೀಸ್ ಠಾಣೆಯಲ್ಲಿ ಕಳೆದುಹೋದ ದೂರು ಬರೆಸಿ, ಸ್ಟಾಂಪ್ ಪೇಪರಿನಲ್ಲಿ ಪ್ರಮಾಣಪತ್ರ ಮಾಡಿಸಿ, ಅಂತೂ ಬಂತು. ಮಾರ್ಕು ಎಲ್ಲ ಸರಿ. ಸರ್‌ನೇಮಿನಲ್ಲಿ ಒಂದು ಅಕ್ಷರ ತಪ್ಪು.

ತಿದ್ದಿಸಲು ಹೋದರೆ ಕೌಂಟರಿನಲ್ಲಿದ್ದ ಹುಡುಗಿ, “ಒರಿಜಿನಲ್ ತನ್ನಿ, ಅದನ್ನು ನೋಡಿ ತಿದ್ದಿಕೊಡುತ್ತೇವೆ” ಅಂದಳು. ಇವರು ಹೊರಗೆ ಬಂದು ಒಂದು ಚಾ ಕುಡಿದು, ಎದುರಿನ ಅಂಗಡಿಯಲ್ಲಿ ಅದನ್ನೇ ಲ್ಯಾಮಿನೇಟ್ ಮಾಡಿಸಿದರು.